ನಾಲ್ಕನೆಯ ಏಟು

ಮಿಡತೆ ಎಂದರೆ ಊರಿಗೆಲ್ಲ ಗೊತ್ತು. ಹಸಿರು ಜುಟ್ಟಿನವಳು, ವೇದಿಕೆಯಿಂದ ಜನರ ತಲೆಯ ಮೇಲೆ ಹಾರುವವಳು, ಸಿನಿಮಾದಲ್ಲಿ ನಾಯಕಿಯ ಬದಲು ಮಹಡಿಯಿಂದ ಬೀಳುವವಳು. ಮಿಡತೆಯ ಅಕ್ಕ ಎಂದರೆ ಮಾತ್ರ, "ಹೌದಾ, ಅವಳಿಗೊಬ್ಬಳು ಅಕ್ಕ ಇದ್ದಾಳಾ?" ಎಂದು ಕೇಳುತ್ತಾರೆ. ಇದ್ದಾಳೆ ಸ್ವಾಮಿ, ಗುಂಡುಕಲ್ಲಿನ ಹಾಗೆ ಇದ್ದಾಳೆ. ಈ ಕಥೆ ಅವಳದು. ಮಿಡತೆಯ ಕಥೆ ಬೇಕಾದವರಿಗೆ ಅದೂ ಇದರಲ್ಲೇ ಸಿಗುತ್ತದೆ. ತಂಗಿಯನ್ನು ಬಿಟ್ಟು ಅಕ್ಕನ ಕಥೆ ಹೇಳುವ ಭಾಗ್ಯ ಇವತ್ತಿನವರೆಗೆ ಯಾರಿಗೂ ಸಿಕ್ಕಿಲ್ಲ.

ಮನೆಯಲ್ಲಿ ಮೂವರು. ಅಮ್ಮ ಬಟ್ಟೆ ಹೊಲಿಯುತ್ತಿದ್ದಳು. ಮುಂದಿನ ಕೋಣೆ ಅಂಗಡಿ, ಹಿಂದಿನ ಕೋಣೆ ಮನೆ. ಇಬ್ಬರು ಹೆಣ್ಣುಮಕ್ಕಳಿಗೂ ಒಂದೇ ತುಂಡಿನಲ್ಲಿ ಅಂಗಿ ಹೊಲಿಯುವಳು, ಬಟ್ಟೆ ಸಾಲದೆ ಬಂದಾಗ ತೋಳು ಗಿಡ್ಡವಾಗುತ್ತಿದ್ದದ್ದು ದೊಡ್ಡವಳ ಅಂಗಿಯದೇ. ಕಿಟಕಿ ಪಕ್ಕದ ಹಾಸಿಗೆ ಚಿಕ್ಕವಳಿಗೆ. ಹಾಲಿನ ಕೆನೆ ಚಿಕ್ಕವಳಿಗೆ. ಕೇಳಿದರೆ ಅಮ್ಮನದು ಒಂದೇ ಮಂತ್ರ: "ಅವಳು ಚಿಕ್ಕವಳಲ್ವಾ, ಬಿಟ್ಟುಕೊಡು." ಬಿಟ್ಟುಕೊಟ್ಟು ಬಿಟ್ಟುಕೊಟ್ಟು ಅಕ್ಕನಿಗೆ ರೋಸಿಹೋಗಿತ್ತು. ಹಾಗಾಗಿ ಒಂದು ದಿನ ಡ್ರಮ್ಮು ಎಂಬುದು ಕೈಗೆ ಸಿಕ್ಕಾಗ, ಇದು ನನ್ನದು, ಯಮ ಬಂದು ಕೇಳಿದರೂ ಕೊಡುವುದಿಲ್ಲ ಎಂದು ಮನಸ್ಸಿನಲ್ಲೇ ಗೆರೆ ಎಳೆದುಕೊಂಡಳು.

ಡ್ರಮ್ಮು ಬಂದದ್ದು ಸೋದರಮಾವನಿಂದ. ಮಾವನದು ಲಾರಿ ರಿಪೇರಿಯ ಗ್ಯಾರೇಜು. ಬಾಗಿಲು ಹಾಕಿದ ಯಾವುದೋ ಆರ್ಕೆಸ್ಟ್ರಾದವರು ಸಾಮಾನನ್ನೆಲ್ಲ ಅವನ ಷೆಡ್ಡಿನಲ್ಲಿ ಇಟ್ಟು ಹೋದವರು ತಿರುಗಿ ಬರಲೇ ಇಲ್ಲ. ರಜೆಯ ದಿನ ಷೆಡ್ಡು ಖಾಲಿ. ಅಕ್ಕ ಹೋಗಿ ಕುಟ್ಟುತ್ತ ಕೂರುವಳು. ಗ್ಯಾರೇಜಿಗೆ ಬರುತ್ತಿದ್ದ ಎಲೆಕ್ಟ್ರಿಷಿಯನ್ ಒಬ್ಬನಿಗೆ ಗಿಟಾರಿನ ಹುಚ್ಚು. ಅವನ ಗೆಳೆಯನಿಗೆ ಗಂಟಲು ಚೆನ್ನಾಗಿತ್ತು. ಮೂವರೂ ಸೇರಿ ಬ್ಯಾಂಡು ಕಟ್ಟಿದರು. ಷೆಡ್ಡಿನ ಚಾವಣಿಯೇ ಅದರ ಹೆಸರು: ತಗಡು. ಹಾಡುವುದು ಪಂಕ್.

"ಪಂಕ್ ಅಂದ್ರೆ ಏನಮ್ಮಾ?" ಎಂದು ಮಾವ ಕೇಳಿದ್ದ.

"ಹಾಡೋಕೆ ಬರದೋರು ಸಿಟ್ಟು ಬಂದಾಗ ಹಾಡೋದು ಮಾವ."

"ಹಂಗಾದ್ರೆ ನಿಮ್ಮತ್ತೆ ದಿನಾ ಹಾಡ್ತಾಳೆ ಬಿಡು," ಎಂದು ಮಾವ ಸ್ಪ್ಯಾನರ್ ಎತ್ತಿಕೊಂಡು ಲಾರಿಯ ಅಡಿಗೆ ತೂರಿಕೊಂಡಿದ್ದ.

ಹಾಡುಗಳನ್ನು ಬರೆದವಳು ಅಕ್ಕ. "ಹಾರ್ನ್ ಹೊಡೀಬೇಡಿ", "ಗಿಡ್ಡ ತೋಳಿನ ಅಂಗಿ", "ನನ್ನ ಕುರ್ಚಿ ಎಲ್ಲಿ", ಎಲ್ಲ ಅವಳದೇ. ತಂಗಿ ಆಗ ಬ್ಯಾಂಡಿನಲ್ಲಿ ಇರಲೇ ಇಲ್ಲ, ಫ್ಲಾಸ್ಕಿನಲ್ಲಿ ಟೀ ತರುತ್ತಿದ್ದಳು ಅಷ್ಟೆ. ಮೊದಲ ಕಾರ್ಯಕ್ರಮದ ದಿನ ಹಾಡುಗಾರನ ಗಂಟಲು ಕಟ್ಟಿತು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಎನ್ನುತ್ತಾರಲ್ಲ, ಆ ಜಾತಿಯವನು. ಫ್ಲಾಸ್ಕು ಕೆಳಗಿಟ್ಟು ತಂಗಿ ಮೈಕು ಹಿಡಿದಳು. ತಾಳ ಅವಳಿಗೆ ಅತ್ತೆಮನೆಯ ದಾರಿ, ತಪ್ಪಿಯೂ ಅತ್ತ ಹೋಗುವವಳಲ್ಲ. ಅಕ್ಕ ಬರೆದ ಹಾಡನ್ನು ಅಕ್ಕನಿಗಿಂತ ಮುಂದೆ ಮುಂದೆ ಓಡಿಸಿಕೊಂಡು ಅರಚಿದಳು. ಜನ ಹುಚ್ಚೆದ್ದು ಕುಣಿದರು. ಹಾಡುಗಾರನ ಗಂಟಲು ಮಾರನೆಯ ದಿನವೇ ಸರಿಹೋಯಿತು, ಆದರೆ ಅವನನ್ನು ಕೇಳುವವರು ಯಾರಿದ್ದರು?

ಹಾರಾಟ ಶುರುವಾದದ್ದೂ ಅಲ್ಲಿಂದಲೇ. ಹಾಡು ಆರಂಭವಾಗುವ ಮೊದಲು ಡ್ರಮ್ಮಿನವರು ಎರಡು ಕೋಲುಗಳನ್ನು ಒಂದಕ್ಕೊಂದು ತಾಡಿಸಿ ಎಣಿಸುತ್ತಾರೆ: ಒಂದು, ಎರಡು, ಮೂರು, ನಾಲ್ಕು. ನಾಲ್ಕು ಮುಗಿದ ಮೇಲಿನ ಏಟಿಗೆ ಎಲ್ಲರೂ ಒಟ್ಟಿಗೆ ಶುರುಮಾಡಬೇಕು. ಅದು ಕ್ರಮ. ನಮ್ಮ ಮಿಡತೆಗೆ ಆ ತಾಳ್ಮೆ ಎಲ್ಲಿ? ಸ್ಪೀಕರಿನ ಮೇಲೆ ಹತ್ತಿ ನಿಂತವಳು ನಾಲ್ಕನೆಯ ಏಟಿಗೇ ಜನರ ಮೇಲೆ ಜಿಗಿದುಬಿಡುತ್ತಿದ್ದಳು. ಅವರ ಕೈಗಳ ಮೇಲೆ ಬೀಳುವುದಕ್ಕೂ ಹಾಡು ಶುರುವಾಗುವುದಕ್ಕೂ ಸರಿಹೋಗುತ್ತಿತ್ತು. ಅದೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು.

"ಕಣ್ಣು ಬಿಟ್ರೆ ಭಯ ಆಗುತ್ತೆ ಅಕ್ಕ," ಎಂದು ಅವಳೇ ಹೇಳಿದ್ದಳು. "ನಿನ್ನ ಕೋಲು ಕೇಳುತ್ತಲ್ಲ, ನಾಲ್ಕನೇದು ಕೇಳಿದ ತಕ್ಷಣ ಬಿಟ್ಟುಬಿಡ್ತೀನಿ. ಕೆಳಗೆ ಏನಿದೆ ಅಂತ ನೀನು ನೋಡ್ಕೊಂಡಿರ್ತೀಯ."

ಜುಟ್ಟಿಗೆ ಹಸಿರು ಬಣ್ಣ ಬಂತು, ಮಿಡತೆ ಎಂಬ ಹೆಸರು ಬಂತು. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಬಣ್ಣ ಬೇರೆ," ಎಂದು ಅಮ್ಮ ಗೊಣಗಿದಳೇ ಹೊರತು, ಪೇಪರಿನಲ್ಲಿ ಬಂದ ಮಿಡತೆಯ ಫೋಟೋವನ್ನು ಕತ್ತರಿಸಿ ಹೊಲಿಗೆ ಮಷೀನಿನ ಮೇಲಿನ ಗೋಡೆಗೆ ಅಂಟಿಸಿದಳು. ಫೋಟೋದ ಮೂಲೆಯಲ್ಲಿ ಅಕ್ಕನ ಮೊಣಕೈ ಇತ್ತು. ಕತ್ತರಿಸುವಾಗ ಅದೂ ಹೋಯಿತು.

ಸಿನಿಮಾದ ಸ್ಟಂಟ್ ಮಾಸ್ಟರ ಕಣ್ಣಿಗೆ ಇವರು ಬಿದ್ದದ್ದು ಗ್ಯಾರೇಜಿನಲ್ಲೇ. ವ್ಯಾನು ರಿಪೇರಿಗೆ ಬಿಟ್ಟು ಕಾಯುತ್ತ ಕೂತಿದ್ದವರು, ಲಾರಿಯ ನೆತ್ತಿಯಿಂದ ಹಳೆಯ ಸೀಟುಗಳ ರಾಶಿಗೆ ಹುಡುಗಿಯೊಬ್ಬಳು ಜಿಗಿಯುವುದನ್ನು ನೋಡಿದರು. ಮಾರನೆಯ ವಾರ ಇಬ್ಬರನ್ನೂ ಷೂಟಿಂಗಿಗೆ ಕರೆಸಿದರು. ನಾಯಕಿ ಕಡ್ಡಿಯಂಥವಳು, ತಂಗಿಯೂ ಕಡ್ಡಿ. ಡೂಪ್ ಆಗುವುದಕ್ಕೆ ಹೇಳಿ ಮಾಡಿಸಿದ ಮೈ. ಮಾಸ್ಟರು ಅಕ್ಕನ ತೋಳುಗಳನ್ನು ನೋಡಿ ನಕ್ಕರು. ವರ್ಷಗಟ್ಟಲೆ ಕುಟ್ಟಿ ಕುಟ್ಟಿ ಅವು ಒನಕೆಯಾಗಿದ್ದವು.

"ನಿನ್ನಂಥ ನಾಯಕಿ ಇನ್ನೂ ಹುಟ್ಟಿಲ್ಲಮ್ಮ. ಪೆಟ್ಟಿಗೆ ಜೋಡಿಸ್ತೀಯಾ?"

ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತಂತೆ. ನಾರಿನ ಹೊಟ್ಟೆಯೊಳಗೆ ಏನಾಯಿತು ಎಂದು ಗಾದೆ ಮಾಡಿದವರು ವಿಚಾರಿಸಲಿಲ್ಲ.

ಎತ್ತರದಿಂದ ಬೀಳುವವರ ಕೆಳಗೆ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಅಂತಸ್ತು ಅಂತಸ್ತಾಗಿ ಜೋಡಿಸುತ್ತಾರೆ. ಒಂದೊಂದರ ಮೂಲೆಯನ್ನೂ ಸೀಳಿರಬೇಕು, ಇಲ್ಲದಿದ್ದರೆ ಗಾಳಿ ಹೊರಗೆ ಹೋಗದೆ ಪೆಟ್ಟಿಗೆ ಕಲ್ಲಾಗುತ್ತದೆ. ಸುತ್ತ ಹಗ್ಗ, ಮೇಲೊಂದು ಹಾಸಿಗೆ. ಅಕ್ಕ ಈ ಕೆಲಸವನ್ನು ಕಣ್ಣಲ್ಲಿ ಕಣ್ಣಿಟ್ಟು ಮಾಡಿದಳು. ಆದರೆ ಮೊದಲ ದಿನವೇ ಒಂದು ತಮಾಷೆ ನಡೆಯಿತು. ನಿರ್ದೇಶಕರು "ಆಕ್ಷನ್" ಎಂದು ಗಂಟಲು ಹರಿದುಕೊಂಡರೂ ಮಿಡತೆ ಮೇಲಿಂದ ಅಲ್ಲಾಡಲಿಲ್ಲ. ಕಣ್ಣು ಮುಚ್ಚಿಕೊಂಡು ನಿಂತೇ ಇದ್ದಳು. ಅಕ್ಕನಿಗೆ ತಿಳಿಯಿತು. ಚೀಲದಿಂದ ಕೋಲು ತೆಗೆದು ನಾಲ್ಕು ಏಟು ಹೊಡೆದಳು. ನಾಲ್ಕಕ್ಕೆ ತಂಗಿ ಬಿದ್ದಳು, ಒಂದೇ ಸಲಕ್ಕೆ ಷಾಟ್ ಓಕೆ. ಅಂದಿನಿಂದ ಅದೇ ಪದ್ಧತಿಯಾಯಿತು. ಮಿಡತೆ ಎಲ್ಲಿ ಬೀಳಲಿ, ಕ್ಯಾಮೆರಾದವನೂ ಅಕ್ಕನ ನಾಲ್ಕಕ್ಕೇ ಕ್ಯಾಮೆರಾ ಕೆಳಗಿಳಿಸುವನು.

ಸಿನಿಮಾ ತೆರೆಗೆ ಬಂದಾಗ ಕೋಲಿನ ಸದ್ದನ್ನು ಅಳಿಸಿರುತ್ತಿದ್ದರು. ಪೆಟ್ಟಿಗೆ ಹೇಗೂ ಕಾಣಬಾರದು. ಕಾಣುತ್ತಿದ್ದದ್ದು ಬೀಳುವವಳೊಬ್ಬಳೇ.

ಹೊಟ್ಟೆಕಿಚ್ಚು ಎಂದರೆ ಏನೆಂದು ಅಕ್ಕನನ್ನು ಕೇಳಬೇಕು. ಗೋಡೆಯ ಮೇಲಿನ ಪೋಸ್ಟರಿನ ಮೇಲೆ ಹೊಟ್ಟೆಕಿಚ್ಚು. "ಮಿಡತೆ, ನಿನ್ನ ಹಾಡು ಸೂಪರ್," ಎನ್ನುವವರ ಮೇಲೆ ಹೊಟ್ಟೆಕಿಚ್ಚು, ಆ ಹಾಡು ತನ್ನದಾದ್ದರಿಂದ ಇನ್ನಷ್ಟು. ಒಮ್ಮೆ ತಂಗಿ ಮಣಿಕಟ್ಟು ಮುರಿದುಕೊಂಡಳು. ಪ್ಲಾಸ್ಟರಿನ ಮೇಲೆ ಷೂಟಿಂಗಿನವರೆಲ್ಲ ಸಹಿ ಹಾಕಿದರು, ನಾಯಕಿ ಒಂದು ಹೂವು ಬಿಡಿಸಿದಳು. ಅಕ್ಕ ಆ ಮುರಿದ ಕೈಯನ್ನು ನೋಡಿ, ನನ್ನದೂ ಒಂದು ಮೂಳೆ ಮುರಿಯಬಾರದೇ ಎಂದು ಹಲುಬಿದಳು. ಹಗ್ಗ ಎಳೆದು ಎಳೆದು ಅವಳ ಅಂಗೈಯಲ್ಲಿ ಎದ್ದಿದ್ದ ಬೊಬ್ಬೆಗಳ ಮೇಲೆ ಸಹಿ ಹಾಕುವವರು ಯಾರೂ ಇರಲಿಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವಳು ಮೊದಲ ಮಹಡಿಗೆ ಹತ್ತಿ ತಾನೇ ಜೋಡಿಸಿದ ಪೆಟ್ಟಿಗೆಗಳ ಮೇಲೆ ಬೀಳುವುದನ್ನು ಕಲಿತಳು. ಗಲ್ಲ ಎದೆಗೆ, ಕೈ ಅಗಲಕ್ಕೆ, ಬೆನ್ನು ಮೊದಲು. ಆಮೇಲೆ ಜಜ್ಜಿದ ಪೆಟ್ಟಿಗೆಗಳನ್ನು ಬದಲಾಯಿಸಿ ಏನೂ ಗೊತ್ತಿಲ್ಲದವಳ ಹಾಗೆ ಊಟಕ್ಕೆ ಕೂರುವಳು. ಒಂದು ದಿನ ಮಾಸ್ಟರ ಕೈಗೆ ಸಿಕ್ಕಿಬಿದ್ದಳು.

ಬೈಯುತ್ತಾರೆ ಎಂದುಕೊಂಡರೆ ಅವರು, "ಬೀಳೋದು ಬರುತ್ತಲ್ಲಮ್ಮ ನಿಂಗೆ," ಎಂದರು. "ದಪ್ಪನೆ ಪಾತ್ರ ಬರ್ಲಿ, ಅದು ನಿಂದೇ."

ಕಾದಳು. ಕಾಯುವುದು ಅವಳಿಗೆ ಹೊಸದಲ್ಲ. ಕೊನೆಗೂ ಬಂತು: ಜೈಲಿನ ವಾರ್ಡನ್ ಪಾತ್ರ. ಮಾಡುವವಳು ತುಂಬಿದ ಮೈಯ ಹಿರಿಯ ನಟಿ. ಗೋದಾಮಿನ ಮೂರನೆಯ ಮಹಡಿಯ ಸಜ್ಜದಿಂದ ವಾರ್ಡನ್ ಬೀಳಬೇಕು. "ಇದು ನಿಂದೇ," ಎಂದು ಮಾಸ್ಟರು ಎಲ್ಲರೆದುರೇ ಹೇಳಿದರು. ಅಕ್ಕ ಮನೆಗೆ ಹೋಗಿ ಅಮ್ಮನಿಗೆ ಹೇಳಿದಳು, ಗ್ಯಾರೇಜಿಗೆ ಹೋಗಿ ಮಾವನಿಗೆ ಹೇಳಿದಳು, ಎಲೆಕ್ಟ್ರಿಷಿಯನ್‌ಗೆ ಹೇಳಿದಳು, ಕೇಳದವರಿಗೂ ಹೇಳಿದಳು. ಕಾಸ್ಟ್ಯೂಮಿನವನು ಕೊಟ್ಟ ವಾರ್ಡನ್ನಿನ ಖಾಕಿ ಕೋಟನ್ನು ಅಮ್ಮ ತಾನಾಗಿಯೇ ಅವಳ ಅಳತೆಗೆ ಬಿಗಿ ಮಾಡಿಕೊಟ್ಟಳು. ತೋಳು ಈ ಸಲ ಸರಿಯಾಗಿ ಮಣಿಕಟ್ಟಿನವರೆಗೂ ಬಂತು.

ಷೂಟಿಂಗಿನ ಬೆಳಿಗ್ಗೆ ಕಾಸ್ಟ್ಯೂಮಿನವನು ಆ ಕೋಟನ್ನು ಹಿಡಿದು ಮಿಡತೆಯ ಹತ್ತಿರ ಹೋಗುವುದನ್ನು ಅಕ್ಕ ನೋಡಿದಳು. ಅವನ ಕಂಕುಳಲ್ಲಿ ಸ್ಪಂಜಿನ ಸುರುಳಿ ಇತ್ತು. ತೋಳಿಗೊಂದು, ಸೊಂಟಕ್ಕೊಂದು ಸುತ್ತಿ, ಮೇಲೆ ಕೋಟು ಹಾಕಿದ. ಪ್ರೊಡ್ಯೂಸರು ಹೇಳಿದ್ದರಂತೆ, ಮಿಡತೆ ಬಿದ್ದರೆ ಪೇಪರಿನಲ್ಲಿ ಬರುತ್ತದೆ, ಬೇರೆಯವರು ಬಿದ್ದರೆ ಏನು ಬರುತ್ತದೆ ಎಂದು.

"ನನ್ನ ಕೈಲಿ ಏನಿದೆ ಹೇಳಮ್ಮ," ಎಂದು ಮಾಸ್ಟರು ನೆಲ ನೋಡಿದರು.

"ಅಕ್ಕ, ನಂಗೂ ಈಗ್ಲೇ ಗೊತ್ತಾಗಿದ್ದು," ಎಂದಳು ತಂಗಿ. ಸ್ಪಂಜಿನ ತೋಳು ದೇಹದಿಂದ ದೂರ ನಿಂತಿತ್ತು. ಅದು ಅಕ್ಕನದೇ ತೋಳು, ಬೇಕೆಂದು ಅಣಕಿಸಿದ ಹಾಗೆ.

ಅಕ್ಕ ಅಮ್ಮನಿಗೆ ಫೋನು ಮಾಡಿದಳು. ಅಮ್ಮ, "ಹೋಗ್ಲಿ ಬಿಡೇ, ಅವಳು ಚಿಕ್ಕವಳಲ್ವಾ," ಎಂದಳು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅದೂ ಹೋಗಲಿ, ಬೇರೆಯವರ ಬಾಯಿಗೆ ತಾನೇ ತಿನ್ನಿಸಬೇಕು. ಅಕ್ಕ ಪೆಟ್ಟಿಗೆ ಜೋಡಿಸಿದಳು. ಒಂದೊಂದರ ಮೂಲೆಯನ್ನೂ ಸೀಳಿದಳು, ಹಗ್ಗ ಬಿಗಿದಳು, ಕೆಲಸದಲ್ಲಿ ಕೂದಲೆಳೆಯಷ್ಟೂ ಕಳ್ಳತನ ಮಾಡಲಿಲ್ಲ. ಮೇಲೆ ಸಜ್ಜದ ಅಂಚಿನಲ್ಲಿ ಮಿಡತೆ ನಿಂತಳು, ಕಣ್ಣು ಮುಚ್ಚಿದಳು. ಎದುರಿನ ಅಟ್ಟಣಿಗೆಯ ಮೇಲೆ ಕ್ಯಾಮೆರಾ ಓಡತೊಡಗಿತು. ಅಕ್ಕ ಕೋಲು ಎತ್ತಿದಳು.

ಒಂದು. ಎರಡು. ಮೂರು.

ನಾಲ್ಕನೆಯದನ್ನು ಹೊಡೆಯಲಿಲ್ಲ.

ಕೈ ಸೋಲಲಿಲ್ಲ, ಕೋಲು ಜಾರಲಿಲ್ಲ. ಹೊಡೆಯಬಾರದು ಅನ್ನಿಸಿತು, ಹೊಡೆಯಲಿಲ್ಲ. ನಿಲ್ಲು ಅಲ್ಲೇ, ಎಂದು ಅವಳ ಹೊಟ್ಟೆಯೊಳಗಿನ ಬೆಂಕಿ ಹೇಳಿತು, ನಾನು ನಿಂತಿದ್ದೇನಲ್ಲ ಇಷ್ಟು ವರ್ಷ, ನೀನೂ ನಿಲ್ಲು. ಕ್ಯಾಮೆರಾದವನು ಕೈ ತಡೆದು ಕಾದ. ಲೈಟಿನವನು ಕೆಮ್ಮಿದ. ಮಿಡತೆ ಕಣ್ಣು ಮುಚ್ಚಿಕೊಂಡೇ ಅಂಚಿನಲ್ಲಿ ನಿಂತಿದ್ದಳು, ಗಾಳಿಗೆ ವಿಗ್ಗಿನ ಕೂದಲು ಅಲ್ಲಾಡುತ್ತಿತ್ತು.

"ಕಟ್!" ಎಂದರು ನಿರ್ದೇಶಕರು. "ಏನ್ರೀ ಇದು?"

ಮಾಸ್ಟರು ಅಕ್ಕನ ಕಡೆ ಹೆಜ್ಜೆ ಹಾಕಿದರು. ಇವತ್ತಿಗೆ ನನ್ನ ಅನ್ನ ಮುಗಿಯಿತು ಎಂದು ಅವಳಿಗೆ ಖಾತ್ರಿಯಾಯಿತು. ಆಗ ಮೇಲಿಂದ ತಂಗಿಯ ದನಿ ಬಂತು.

"ಮಾಸ್ಟರ್, ಅಕ್ಕ ನಾಲ್ಕನೇದು ಹೊಡೀಲಿಲ್ಲ ಅಂದ್ರೆ ಕೆಳಗೆ ಏನೋ ಸರಿ ಇಲ್ಲ. ಪೆಟ್ಟಿಗೆ ಬಿಚ್ಚಿ ನೋಡಿ. ಅಲ್ಲಿವರೆಗೂ ನಾನು ಹಾರಲ್ಲ."

ಬಿಚ್ಚಿದರು. ಒಂದೊಂದೇ ಪೆಟ್ಟಿಗೆ ಎತ್ತಿ, ತಟ್ಟಿ, ಮೂಸಿ ನೋಡಿದರು. ಏನಿರುತ್ತದೆ? ಏನೂ ಇರಲಿಲ್ಲ. ಮಾಸ್ಟರು ಮಾತ್ರ ಅಕ್ಕನ ಬೆನ್ನು ತಟ್ಟಿ, "ಅನುಮಾನ ಬಂದಾಗ ನಿಲ್ಲಿಸಿದ್ಯಲ್ಲ, ಅದು ಕೆಲಸ ಅಂದ್ರೆ," ಎಂದರು. ಅಷ್ಟು ವರ್ಷಗಳಲ್ಲಿ ಅವಳಿಗೆ ಸಿಕ್ಕ ಮೊದಲ ಶಹಭಾಸ್‌ಗಿರಿ ಅದು. ನುಂಗಲೂ ಆಗದೆ ಉಗುಳಲೂ ಆಗದೆ ನಿಂತಳು.

ಮೇಕಪ್ ವ್ಯಾನಿನಲ್ಲಿ ಇಬ್ಬರೇ ಇದ್ದಾಗ ತಂಗಿ ಕೇಳಿದಳು, "ಏನು ನೋಡ್ದೆ?"

"ಏನೂ ನೋಡ್ಲಿಲ್ಲ."

"ಗೊತ್ತು."

ಅಕ್ಕ ತಲೆಯೆತ್ತಿದಳು.

"ಕಣ್ಣು ಮುಚ್ಚಿದ್ರೂ ಕಿವಿ ಇದೆಯಲ್ಲ," ಎಂದಳು ತಂಗಿ. "ಮೂರು ಏಟೂ ನನ್ನ ತಲೆ ಮೇಲೇ ಹೊಡೆದ ಹಾಗಿತ್ತು. ಮಾಸ್ಟರಿಗೆ ಏನು ಹೇಳ್ಲಿ? ನಮ್ಮಕ್ಕಂಗೆ ಹೊಟ್ಟೆ ಉರೀತಿದೆ ಅಂತಾನಾ?"

ಹಾಳಾದವಳು, ಒಳ್ಳೆಯತನದಲ್ಲೂ ನನಗಿಂತ ಮುಂದೆಯೇ ಹೋಗಬೇಕೇ, ಎಂದು ಅಕ್ಕನಿಗೆ ಅಳುವೇ ಬಂತು. "ಹೌದು, ಉರೀತಿದೆ," ಎಂದಳು. "ಆ ಕೋಟು ನಂದು. ಅಮ್ಮ ನಂಗೆ ಅಂತ ಬಿಗಿ ಮಾಡಿದ್ದು. ನಿಂಗೆ ಬೀಳೋಕೆ ಊರೆಲ್ಲ ಇದೆ ಕಣೆ, ನಂಗೆ ಇದೊಂದೇ ಇದ್ದಿದ್ದು."

ತಂಗಿ ಸ್ಪಂಜು ಬಿಚ್ಚತೊಡಗಿದಳು. ಆಮೇಲೆ ಹೊರಗೆ ಹೋಗುವಾಗ ಎಡಗಾಲು ಎಳೆಯುತ್ತ ನಡೆದಳು. ಏಣಿ ಇಳಿಯುವಾಗ ಉಳುಕಿತು, ಇವತ್ತು ನನ್ನ ಕೈಲಾಗದು, ಅಕ್ಕನಿಗೆ ಕೊಡಿ ಎಂದಳು. ಹೊತ್ತು ಇಳಿಯುತ್ತಿತ್ತು, ಮರುದಿನದ ಗೋದಾಮಿನ ಬಾಡಿಗೆ ಮೈಮೇಲೆ ಬರುತ್ತಿತ್ತು. ಪ್ರೊಡ್ಯೂಸರು ಹೂಂ ಎಂದರು.

ಅಕ್ಕ ಕೋಟು ತೊಟ್ಟಳು. ಸ್ಪಂಜು ಬೇಕಾಗಲಿಲ್ಲ. ಮೂರನೆಯ ಮಹಡಿಯ ಸಜ್ಜದ ಮೇಲೆ ನಿಂತು ಕೆಳಗೆ ನೋಡಿದಳು. ಮತ್ತೆ ಜೋಡಿಸಿದ್ದ ಪೆಟ್ಟಿಗೆಗಳ ರಾಶಿ ಬೆಂಕಿಪೊಟ್ಟಣದಷ್ಟು ಕಂಡಿತು. ಅದರ ಪಕ್ಕದಲ್ಲಿ ಕೋಲು ಹಿಡಿದು ತಂಗಿ ನಿಂತಿದ್ದಳು. ತಾಳ ಬರದವಳ ಕೈಗೆ ತಾಳ ಕೊಟ್ಟು ಮೇಲೆ ಬಂದಿದ್ದೇನಲ್ಲ, ಎಂದು ನಗು ಬಂತು.

ಒಂದು, ಎರಡು, ಮೂರು, ನಾಲ್ಕು. ತಂಗಿ ಎಂದಿನಂತೆ ಓಡಿಸಿಕೊಂಡೇ ಹೊಡೆದಳು.

ಇಲ್ಲೇ ನೋಡಿ ಆದದ್ದು. ಡ್ರಮ್ಮಿನವಳು ಆಯುಷ್ಯದಲ್ಲಿ ಎಂದೂ ನಾಲ್ಕಕ್ಕೆ ಕೈ ಬೀಸಿದವಳಲ್ಲ. ನಾಲ್ಕು ಎಣಿಸಿ, ಆಮೇಲಿನ ಏಟಿಗೆ ಶುರುಮಾಡುವುದು ಅವಳ ರಕ್ತದಲ್ಲಿತ್ತು. ತಂಗಿ ನಾಲ್ಕಕ್ಕೆ ಬೀಳುತ್ತಾಳೆ, ಕ್ಯಾಮೆರಾ ನಾಲ್ಕಕ್ಕೆ ಇಳಿಯುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೊತ್ತಿದ್ದರೇನು, ಮೈ ಮುಂದಿನ ಏಟಿಗೆ ಕಾದು ನಿಂತಿತು. ಕ್ಯಾಮೆರಾ ಇಳಿಯಿತು. ಸದ್ದಿಲ್ಲದ ಐದನೆಯ ಏಟಿಗೆ ಅಕ್ಕ ಬಿದ್ದಳು.

ಎಷ್ಟು ಚೆನ್ನಾಗಿ ಬಿದ್ದಳೆಂದರೆ, ಪೆಟ್ಟಿಗೆಗಳು ಉಸ್ಸೆಂದು ಕುಸಿದು ಅವಳನ್ನು ಹಿಡಿದುಕೊಂಡವು. ಮಲಗಿದಲ್ಲೇ ನಕ್ಕಳು. ಎದ್ದು ಬಂದಾಗ ಮಾಸ್ಟರು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು.

"ಬಿದ್ದಿದ್ದು ಬಂಗಾರ. ಆದ್ರೆ ಕ್ಯಾಮೆರಾ ಹೋದ ಮೇಲೆ ಬಂದ್ಯಲ್ಲಮ್ಮ. ಬರೀ ಗೋಡೆ ಬಂದಿದೆ, ಆಮೇಲೆ ನಿನ್ನ ಮುಖ. ಡೂಪ್ ಮುಖ ಕಾಣಬಾರದು ಅಂತ ನಿಂಗೆ ಹೇಳಿಕೊಡ್ಬೇಕಾ?"

ಅಷ್ಟು ಹೊತ್ತಿಗೆ ಬಿಸಿಲು ಹೋಗಿತ್ತು. ಮಾರನೆಯ ಬೆಳಿಗ್ಗೆ ಗೋದಾಮಿನ ಬಾಡಿಗೆಗೆ ಗೊಣಗುತ್ತ ಪ್ರೊಡ್ಯೂಸರು, ರಾತ್ರಿಯೊಳಗೆ ಉಳುಕು ಮಾಯವಾಗಿದ್ದ ಮಿಡತೆಯನ್ನೇ ಮೇಲೆ ಹತ್ತಿಸಿದರು. ಸ್ಪಂಜು ಸುತ್ತಿದರು. ಅಕ್ಕ ನಾಲ್ಕೂ ಏಟನ್ನು ಸರಿಯಾಗಿ ಹೊಡೆದಳು. ಸಿನಿಮಾದಲ್ಲಿ ಇರುವುದು ಅದೇ. ಜನ ಶಿಳ್ಳೆ ಹೊಡೆದದ್ದೂ ಅದಕ್ಕೇ.

ಹಾಳಾದ ತುಣುಕನ್ನು ಮಾಸ್ಟರು, "ಇಟ್ಕೋ, ನಿಂದೇ ಇದು," ಎಂದು ಅಕ್ಕನ ಫೋನಿಗೆ ಕಳಿಸಿಕೊಟ್ಟರು. ಒಂದು ರಜೆಯ ಬೆಳಿಗ್ಗೆ, ಗ್ಯಾರೇಜಿಗೆ ಹೊರಡುವ ಮುನ್ನ, ಅಮ್ಮನ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕೂತು ಅಕ್ಕ ಅದನ್ನು ನೋಡುತ್ತಿದ್ದಳು. ತಂಗಿ ಬಂದು ಭುಜದ ಮೇಲಿಂದ ಇಣುಕಿದಳು. ಖಾಲಿ ಗೋಡೆ, ಆಮೇಲೆ ಮೇಲಿನಿಂದ ಖಾಕಿ ಕೋಟು, ಒನಕೆ ತೋಳು, ಮುಖ.

"ನೀನು ಕಣ್ಣು ಬಿಟ್ಟಿದ್ದೆ," ಎಂದಳು ತಂಗಿ.

"ಹೂಂ."

"ಪೂರ್ತಿ?"

"ಮುಚ್ಚಿದ್ರೆ ಏನು ಕಾಣುತ್ತೆ?"

ತಂಗಿ ಇನ್ನೊಮ್ಮೆ ಹಾಕಿಸಿ ನೋಡಿದಳು. ಮತ್ತೂ ಒಮ್ಮೆ. "ನಾನು ಎಷ್ಟೊಂದು ಸಲ ಬಿದ್ದಿದೀನಿ," ಎಂದಳು ಮೆಲ್ಲಗೆ. "ಒಂದು ಸಲಾನೂ ನೋಡಿಲ್ಲ. ಏನು ಕಾಣ್ತು ಅಕ್ಕ?"

ಆ ದನಿ ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಅದು ಅವಳದೇ ದನಿ, ಹಾಲಿನ ಕೆನೆಯ ದಿನಗಳಿಂದ ಅವಳ ಗಂಟಲಲ್ಲೇ ಇದ್ದದ್ದು. ತಂಗಿಯ ಬಾಯಲ್ಲಿ ಕೇಳಿದ್ದು ಇದೇ ಮೊದಲು. ಹೇಳಬಹುದಾಗಿತ್ತು: ಸಜ್ಜದ ಅಂಚು ಮೇಲೆ ಮೇಲೆ ಹೋದದ್ದು, ಕಿಟಕಿಗಳು ಒಂದಾದ ಮೇಲೊಂದು ಬಂದದ್ದು, ಇಡೀ ಆಕಾಶ ಅಗಲವಾಗುತ್ತ ಹೋದದ್ದು. ಹೇಳಿದರೆ ಅರ್ಧ ಅವಳ ಪಾಲಾಗುತ್ತದೆ.

"ಹೇಳೇ," ಎಂದಳು ತಂಗಿ.

ಅಮ್ಮ ಮಷೀನು ನಿಲ್ಲಿಸಿ ತಿರುಗಿದಳು. "ಅದೇನು ಕೇಳ್ತಿದಾಳೋ ಹೇಳಬಾರದೇನೇ? ಅವಳು ಚಿಕ್ಕವಳಲ್ವಾ."

"ಇದೊಂದನ್ನ ಬಿಟ್ಟುಕೊಡಲ್ಲಮ್ಮ," ಎಂದು ಅಕ್ಕ ಫೋನನ್ನು ಜೇಬಿಗೆ ಹಾಕಿಕೊಂಡಳು. ಕೋಲುಗಳನ್ನು ಎತ್ತಿಕೊಂಡು ಬೀದಿಗೆ ಇಳಿದಳು. ತಂಗಿ ಹಿಂದೆ ಹಿಂದೆ, "ಹೇಳೇ, ಅಕ್ಕ, ಹೇಳೇ," ಎನ್ನುತ್ತ ಗ್ಯಾರೇಜಿನವರೆಗೂ ಬಂದಳು. ಅಕ್ಕ ಹೇಳಲಿಲ್ಲ. ಅವಳ ಹೊಟ್ಟೆ ಅಂದು ತಣ್ಣಗಿತ್ತು.